ಟೈಮ್‌ಔಟ್ 30 ಸೆಕೆಂಡ್ ಬರೆದರೆ ವಾಚ್‌ಡಾಗ್ 44ಕ್ಕೆ ಕಚ್ಚುತ್ತದೆ: ಬೈಂಡಿಂಗ್ ದಾಖಲೆಯಲ್ಲಿ ಇದನ್ನ ಹೇಳಬೇಕಾ ಬೇಡವಾ?

ತೋಟದಮನೆ (ಶಿರಸಿ)
ಲಿನಕ್ಸ್ ಕರ್ನಲ್ ಕೆಲಸ ಮಾಡೋರು ಇಲ್ಲಿ ಒಂದಿಷ್ಟು ಜನ ಇದ್ದೀರಿ ಅಂತ ಕೇಳುತ್ತಿದ್ದೇನೆ. ಅಡಿಕೆ ತೋಟಕ್ಕೆ ಒಂದು ಪೆಟ್ಟಿಗೆ ಮಾಡಿದ್ದೇವೆ. ಮಳೆ ಎಷ್ಟು ಬಿತ್ತು, ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ಗಾಳಿಯ ತೇವ ಎಷ್ಟು ಅಂತ ಅಳೆದು 4ಜಿ ಮೋಡೆಮ್‌ನಲ್ಲಿ ಕಳಿಸುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋದು ಯಾವಾಗ ಅಂತ ತಿಳಿಯೋಕೆ. ಆಷಾಢದಲ್ಲಿ ಇದು ಹ್ಯಾಂಗ್ ಆದರೆ ಹಳ್ಳ ದಾಟಿ, ಉಂಬಳ ಕಚ್ಚಿಸಿಕೊಂಡು ಹೋಗಿ ಆಫ್-ಆನ್ ಮಾಡೋಕೆ ಯಾರೂ ತಯಾರಿಲ್ಲ. ಹಾಗಾಗಿ ವಾಚ್‌ಡಾಗ್ (ನಿಗದಿತ ಹೊತ್ತು ಸದ್ದಿಲ್ಲ ಅಂದರೆ ತಾನೇ ರೀಸೆಟ್ ಮಾಡೋ ಟೈಮರ್) ಬೇಕೇ ಬೇಕು.

ಎಆರ್‌ಎಂ ಚಿಪ್, ಒಳಗೆ ಡಿಸೈನ್‌ವೇರ್ (ಬೇರೆ ಬೇರೆ ಚಿಪ್ ಕಂಪನಿಗಳು ಬಳಸೋ ಸಿದ್ಧ ಸರ್ಕ್ಯೂಟ್) ವಾಚ್‌ಡಾಗ್, ಮೇನ್‌ಲೈನ್ ಕರ್ನಲ್. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳೋ ಕಡತ) ಟೈಮ್‌ಔಟ್-ಸೆಕ್ ಅಂತ 30 ಕೊಟ್ಟಿದ್ದೇನೆ. ಇದಲ್ಲದೆ ಬೋರ್ಡಿನ ಮೇಲೆ ಇನ್ನೊಂದು ಸಣ್ಣ ಮೈಕ್ರೋಕಂಟ್ರೋಲರ್ ಇದೆ, 40 ಸೆಕೆಂಡ್ ಸದ್ದಿಲ್ಲ ಅಂದರೆ ಅದು ಸೀದಾ ಪವರ್ ಕಡಿಯುತ್ತದೆ. ಲೆಕ್ಕ ಏನಿತ್ತು ಅಂದರೆ, ಮೊದಲು ಒಳಗಿನ ವಾಚ್‌ಡಾಗ್ 30ಕ್ಕೆ ರೀಸೆಟ್ ಮಾಡಬೇಕು, ರ‍್ಯಾಮ್ ಹಾಗೇ ಉಳಿದು ರ‍್ಯಾಮ್‌ಊಪ್ಸ್‌ನಲ್ಲಿ (ರೀಸೆಟ್ ಆದರೂ ಅಳಿಯದ ರ‍್ಯಾಮ್ ಭಾಗ) ಕ್ರ್ಯಾಶ್ ಲಾಗ್ ಸಿಗಬೇಕು. ಅದೂ ಸತ್ತರೆ ಮಾತ್ರ ಹೊರಗಿನದು ಕೈ ಹಾಕಬೇಕು.

ಆಗುತ್ತಿರೋದು ಉಲ್ಟಾ. ಒಳಗಿನದು 44 ಸೆಕೆಂಡ್ ತಗೊಳ್ಳುತ್ತದೆ. ಅಷ್ಟರಲ್ಲಿ ಹೊರಗಿನದು ಪವರ್ ಕಡಿದು ಲಾಗ್ ಎಲ್ಲ ಗಾಳಿಗೆ. ಬೈಂಡಿಂಗ್ ದಾಖಲೆ (ಡಿವೈಸ್ ಟ್ರೀಯ ಯಾವ ಪ್ರಾಪರ್ಟಿಗೆ ಏನು ಅರ್ಥ ಅಂತ ಹೇಳೋದು) ನೋಡಿದರೆ ‘ವಾಚ್‌ಡಾಗ್ ಟೈಮ್‌ಔಟ್, ಸೆಕೆಂಡುಗಳಲ್ಲಿ’ ಅನ್ನೋ ಅರ್ಥದ ಒಂದೇ ಸಾಲು. ಇದನ್ನ ಬಿಡಿಸಿ ಬರೆದು ಕರ್ನಲ್‌ನವರಿಗೆ ಪ್ಯಾಚ್ (ತಿದ್ದುಪಡಿ) ಕಳಿಸೋಣ ಅಂತಿದ್ದೇನೆ. ಎಂತ ಬರೆಯಬೇಕು, ಯಾವ ಕಡತದಲ್ಲಿ?

ಕಾಳಿದಂಡೆ (ಕಾರವಾರ)
ಕ್ಲಾಕ್ ಎಷ್ಟು?

ತೋಟದಮನೆ
24 ಮೆಗಾಹರ್ಟ್ಸ್.

ಕಾಳಿದಂಡೆ
ಹಾಗಾದರೆ ಸರಿಯಾಗೇ ಕೆಲಸ ಮಾಡುತ್ತಿದೆ. ಆ ವಾಚ್‌ಡಾಗ್‌ಗೆ ನಿನಗೆ ಬೇಕಾದ ಸಂಖ್ಯೆ ತುಂಬೋಕೆ ಬರೋದಿಲ್ಲ. ಹದಿನಾರು ಮೆಟ್ಟಿಲು ಇವೆ, 2ರ 16ನೇ ಘಾತದಿಂದ 31ನೇ ಘಾತದ ತನಕ. ಅಷ್ಟು ಟಿಕ್ ಎಣಿಸಿ ಕಚ್ಚುತ್ತದೆ. 24 ಮೆಗಾಹರ್ಟ್ಸ್‌ಗೆ ಕೊನೆಯ ನಾಲ್ಕು ಮೆಟ್ಟಿಲು: 11.18, 22.37, 44.74, 89.48 ಸೆಕೆಂಡ್. ನೀನು 30 ಕೇಳಿದೆ. ಡ್ರೈವರ್ (ಕರ್ನಲ್‌ನಲ್ಲಿ ಆ ವಾಚ್‌ಡಾಗ್ ನಡೆಸೋ ಕೋಡ್) ನೀನು ಕೇಳಿದ್ದಕ್ಕಿಂತ ಕಡಿಮೆ ಕೊಡೋದಿಲ್ಲ, ಮೇಲಿನ ಮೆಟ್ಟಿಲು ಹಿಡಿಯುತ್ತದೆ. ಅದಕ್ಕೇ 44.

20 ಅಂತ ಬರಿ. 22ಕ್ಕೆ ರೀಸೆಟ್ ಆಗುತ್ತದೆ, ಹೊರಗಿನ 40ರ ಒಳಗೇ ಮುಗಿಯಿತು.

ಭಟ್ರಮಗಳು (ಯಲ್ಲಾಪುರ)
ಕಾಳಿದಂಡೆ ಅಣ್ಣ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಆ ಡ್ರೈವರ್‌ನ ಡೀಫಾಲ್ಟೇ 30. ನೀವು ಟೈಮ್‌ಔಟ್-ಸೆಕ್ ಸಾಲನ್ನ ಅಳಿಸಿ ನೋಡಿ, ಆಗಲೂ 44 ಬರುತ್ತದೆ!

ಮತ್ತೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸ್ಥಿತಿ ತೋರಿಸೋ ಕಡತಗಳು) ವಾಚ್‌ಡಾಗ್0 ಒಳಗಿನ ಟೈಮ್‌ಔಟ್ ಕಡತ ಓದಿ ನೋಡಿ. ವಾಚ್‌ಡಾಗ್ ಶುರುವಾಗೋ ಮೊದಲು 30 ಅಂತ ತೋರಿಸುತ್ತದೆ. ಶುರುವಾದ ಮೇಲೆ ಅದೇ ಕಡತ 44 ಅನ್ನುತ್ತದೆ. ಯಾಕೆ ಅಂದರೆ ಮೆಟ್ಟಿಲು ಹುಡುಕೋ ಕೆಲಸ ನಡೆಯೋದು ಸ್ಟಾರ್ಟ್ ಮಾಡುವಾಗ. ಪ್ರೋಬ್ (ಡ್ರೈವರ್ ಹಾರ್ಡ್‌ವೇರ್ ಗುರುತಿಸಿ ತಯಾರಾಗೋ) ಹೊತ್ತಿಗೆ ಡಿವೈಸ್ ಟ್ರೀಯಿಂದ ಬಂದ ಸಂಖ್ಯೆ ಹಾಗೇ ಕೂತಿರುತ್ತದೆ.

ಸುಮ್ನೆಓದುಗ
ಪ್ಯಾನಿಕ್=10 ಅಂತ ಬೂಟ್ ಸಾಲಿನಲ್ಲಿ ಹಾಕಿದರೆ ಆಯ್ತಲ್ಲ ಮಾರಾಯರೇ. ಪ್ಯಾನಿಕ್ ಆಗಿ (ಕರ್ನಲ್ ಕೈಚೆಲ್ಲಿ) 10 ಸೆಕೆಂಡಿಗೆ ಕರ್ನಲ್ ತಾನೇ ರೀಬೂಟ್ ಆಗುತ್ತದೆ. ಇಷ್ಟೆಲ್ಲ ಎಂತಕ್ಕೆ?

ತೋಟದಮನೆ
ಪ್ಯಾನಿಕ್ ಆದರೆ ತಾನೆ ರೀಬೂಟ್ ಆಗೋದು. ಮೋಡೆಮ್ ಡ್ರೈವರ್ ಬಸ್ಸನ್ನೇ ಹಿಡಿದು ಕೂತರೆ ಸಿಪಿಯು ಅಲ್ಲೇ ಕಲ್ಲು, ಪ್ಯಾನಿಕ್ ತನಕ ಬರೋದೇ ಇಲ್ಲ. ಆಗ ನನಗೆ ಸಿಗೋದು ರ‍್ಯಾಮ್‌ಊಪ್ಸ್‌ನ ಕನ್ಸೋಲ್ ಭಾಗ ಮಾತ್ರ, ಸಾಯೋ ಮುಂಚಿನ ಕೊನೆಯ ನಾಲ್ಕು ಸಾಲು. ಪವರ್ ಕಡಿದರೆ ಅದೂ ಹೋಯ್ತು.

ಹಳೇಬಂದರು (ಬೈತಖೋಲ)
ಮೀನುಗಾರಿಕೆ ಬಂದ್ ಇದೆ, ಜುಲೈ 31ರ ತನಕ ಬೋಟೆಲ್ಲ ಕಟ್ಟಿ ಹಾಕಿದ್ದಾರೆ, ಅದಕ್ಕೆ ಬರೆಯೋಕೆ ಪುರಸೊತ್ತಾಯ್ತು. ನಾನು ಬೋಟಿನ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋನು, ಕರ್ನಲ್ ಗಿರ್ನಲ್ ಗೊತ್ತಿಲ್ಲ. ಆದರೆ ವಾಚ್‌ಡಾಗ್ ಐಸಿ ಗೊತ್ತು. ಐಸಿಯ ಡೇಟಾಶೀಟ್‌ನಲ್ಲೇ ಇರುತ್ತದೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಮಧ್ಯದ್ದು ಎಷ್ಟು ಅಂತ. ನಿಮ್ಮ ದಾಖಲೆಯಲ್ಲಿ ಒಂದೇ ಸಾಲು ಅಂದರೆ ಅದು ಎಂಥಾ ದಾಖಲೆ?

ಉಪ್ಪು ಗಾಳಿಗೆ ಕನೆಕ್ಟರ್ ಹಸಿರು ಹಿಡಿದು ಲೈನ್ ಹೋದ್ರೆ ಹೊರಗಿನ ವಾಚ್‌ಡಾಗ್ ಸುಮ್ನೆ ಸುಮ್ನೆ ರೀಸೆಟ್ ಮಾಡುತ್ತಾ ಇರುತ್ತದೆ, ಅದನ್ನೂ ನೋಡಿಕೋ ತಮ್ಮಾ. ಘಟ್ಟದ ಮೇಲೆ ಉಪ್ಪು ಇಲ್ಲ ಅಂತ ಧೈರ್ಯ ಬೇಡ, ಬೋರ್ಡೋದ ಮೈಲುತುತ್ತ ಸಾಕು.

ಕುಮಟಾ_ಕಂಪೈಲ್
ದಾಖಲೆ ಯಾರು ಓದುತ್ತಾರೆ? ಕೋಡ್ ಓದಬೇಕು. ಡಿಡಬ್ಲ್ಯೂ (ಡಿಸೈನ್‌ವೇರ್) ವಾಚ್‌ಡಾಗ್ ಡ್ರೈವರ್ ಒಂದೇ ಕಡತ, ಚಹಾ ಕುಡಿಯೋದರೊಳಗೆ ಓದಿ ಮುಗಿಯುತ್ತದೆ. ಅದರಲ್ಲೇ ಎಲ್ಲ ಇದೆ.

ಭಟ್ರಮಗಳು
ಯಾವ ಕೋಡ್? ಲಿನಕ್ಸಿನದ್ದಾ, ಅದಕ್ಕೂ ಮೊದಲು ಓಡೋ ಬೂಟ್‌ಲೋಡರ್ ಯು-ಬೂಟ್‌ನದ್ದಾ? ಎರಡೂ ಡಿವೈಸ್ ಟ್ರೀಯ ಅದೇ ನೋಡ್ (ವಾಚ್‌ಡಾಗ್‌ನ ಭಾಗ) ಓದುತ್ತವೆ. ತೋಟದಮನೆಯವರ ಬೋರ್ಡಿನಲ್ಲಿ ಯು-ಬೂಟ್ ವಾಚ್‌ಡಾಗ್ ಶುರು ಮಾಡಿಟ್ಟರೆ ಏನಾಗುತ್ತದೆ ಗೊತ್ತಾ? ಲಿನಕ್ಸ್ ಡ್ರೈವರ್ ಬಂದು ನೋಡುತ್ತದೆ, ಆಗಲೇ ಓಡುತ್ತಿದೆ, ಸರಿ ಅಂತ ಹಾರ್ಡ್‌ವೇರ್‌ನಲ್ಲಿ ಇರೋ ಟೈಮ್‌ಔಟನ್ನೇ ಇಟ್ಟುಕೊಳ್ಳುತ್ತದೆ. ನೀವು ಡಿವೈಸ್ ಟ್ರೀಯಲ್ಲಿ ಬರೆದಿದ್ದನ್ನ ಆಗ ನೋಡೋದೇ ಇಲ್ಲ. ಯು-ಬೂಟ್ 60 ಸೆಕೆಂಡ್‌ಗೆ ಶುರು ಮಾಡಿದ್ದರೆ ಮೇಲಿನ ಮೆಟ್ಟಿಲು 89. ಲಿನಕ್ಸಿಗೂ 89. ಇದನ್ನ ಬರೀ ಒಂದು ಕೋಡ್ ಓದಿ ಹಿಡಿಯೋಕೆ ಆಗೋದಿಲ್ಲ, ಎರಡೂ ಓದಬೇಕು. ದಾಖಲೆ ಇರೋದು ಅದಕ್ಕೇ ಅಲ್ವಾ.

ಕುಮಟಾ_ಕಂಪೈಲ್
ಸರಿ, ಹಾಗಾದರೆ ಬೈಂಡಿಂಗ್‌ನಲ್ಲೇ ಬರೆದು ಬಿಡಿ: ‘ಡ್ರೈವರ್ ಹತ್ತಿರದ ಮೇಲಿನ ಸಂಖ್ಯೆಗೆ ಏರಿಸುತ್ತದೆ. ಬೂಟ್‌ಲೋಡರ್ ಶುರು ಮಾಡಿದ್ದರೆ ಈ ಪ್ರಾಪರ್ಟಿ ಲೆಕ್ಕಕ್ಕಿಲ್ಲ.’ ಎರಡು ವಾಕ್ಯ. ಮುಗೀತು.

ಕಾಳಿದಂಡೆ
ಅದನ್ನ ಕಳಿಸಿದರೆ ಮರುದಿನವೇ ವಾಪಸ್ ಬರುತ್ತದೆ. ಬೈಂಡಿಂಗ್ ಅಂದರೆ ಹಾರ್ಡ್‌ವೇರ್ ವಿವರ. ‘ಡ್ರೈವರ್’ ಅನ್ನೋ ಪದ ಕಂಡರೆ ಸಾಕು, ಡಿವೈಸ್ ಟ್ರೀ ನೋಡಿಕೊಳ್ಳೋರು ಹಿಡಿದು ಕೇಳುತ್ತಾರೆ: ಇದು ಹಾರ್ಡ್‌ವೇರ್‌ನ ಗುಣವೋ, ಲಿನಕ್ಸಿನ ಗುಣವೋ? ಅವರು ಹಾಗೆ ಕೇಳೋದರಲ್ಲಿ ಅರ್ಥ ಇದೆ. ಡಿವೈಸ್ ಟ್ರೀ ಲಿನಕ್ಸಿನ ಆಸ್ತಿ ಅಲ್ಲ. ಅದು ಓಪನ್ ಫರ್ಮ್‌ವೇರ್‌ನಿಂದ ಬಂದದ್ದು, 1994ರ ಐಇಇಇ 1275. ಇವತ್ತು ಯು-ಬೂಟ್, ಫ್ರೀಬಿಎಸ್‌ಡಿ, ಝೆಫಿರ್ ಎಲ್ಲ ಬಳಸುತ್ತವೆ. ನಾಳೆ ಲಿನಕ್ಸ್ ಡ್ರೈವರ್ ಕೆಳಗಿನ ಮೆಟ್ಟಿಲಿಗೆ ಇಳಿಸೋದು ಅಂತ ಬದಲಾದರೆ ನಿಮ್ಮ ಎರಡು ವಾಕ್ಯ ಸುಳ್ಳಾಗುತ್ತವೆ. ಚಿಪ್ ಮಾತ್ರ ಬದಲಾಗಿರೋದಿಲ್ಲ.

ಕುಮಟಾ_ಕಂಪೈಲ್
ಓಹೋ. ಹಾಗಾದರೆ ಜಿಪಿಐಒ ವಾಚ್‌ಡಾಗ್ (ಚಿಪ್ಪಿನ ಒಂದು ಪಿನ್‌ನಿಂದ ಸಿಗ್ನಲ್ ಪಡೆಯೋ ಹೊರಗಿನದು) ಬೈಂಡಿಂಗ್ ತೆಗೆದು ನೋಡಿ ಸ್ವಾಮಿ. ಆಲ್ವೇಸ್-ರನ್ನಿಂಗ್ ಅಂತ ಒಂದು ಪ್ರಾಪರ್ಟಿ ಇದೆ. ಅದರ ವಿವರಣೆಯಲ್ಲಿ ಏನಿದೆ? ಟೈಮರ್ ನಿಲ್ಲಿಸೋಕೆ ಆಗದಿದ್ದರೆ ಈ ಫ್ಲ್ಯಾಗ್ ಹಾಕಿ, ಬಳಸೋರು ಇಲ್ಲದಿದ್ದರೂ ಡ್ರೈವರ್ ಸಿಗ್ನಲ್ ಬದಲಿಸುತ್ತಾ ಇರುತ್ತದೆ ಅಂತ. ಡ್ರೈವರ್! ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯೋದಿಲ್ಲವಾ?

ಕಾಳಿದಂಡೆ
ಅದು ಹಳೇ ಟೆಕ್ಸ್ಟ್ ಕಡತದ ಕಾಲದ ಮಾತು. ಯಾಮಲ್‌ಗೆ (ಈಗ ಬೈಂಡಿಂಗ್ ಬರೆಯೋ ಕಡತದ ಮಾದರಿ) ಬದಲಾಯಿಸುವಾಗ ಹಾಗೇ ಎತ್ತಿಟ್ಟಿದ್ದಾರೆ. ಹಳೇ ಮನೆಯಲ್ಲಿ ಇದೆ ಅಂತ ಹೊಸದಾಗಿ ಕಟ್ಟೋಕೆ ಪರವಾನಗಿ ಸಿಗೋದಿಲ್ಲ.

ಬೇಲೇಕೇರಿ_ಬೈಟ್
ಕುಮಟಾದವರಿಗೆ ಒಂದು ಪಾಯಿಂಟ್ ಕೊಡಲೇಬೇಕು 😄

ಭಟ್ರಮಗಳು
ಪೂರ್ತಿ ಒಪ್ಪೋದಿಲ್ಲ. ಆ ವಿವರಣೆಯ ಅರ್ಧ ಹಾರ್ಡ್‌ವೇರ್ ವಿಷಯವೇ: ‘ಈ ಟೈಮರ್ ನಿಲ್ಲಿಸೋಕೆ ಬರೋದಿಲ್ಲ.’ ಅದು ಸರ್ಕ್ಯೂಟಿನ ಗುಣ. ಉಳಿದರ್ಧ ಡ್ರೈವರ್ ಕಥೆ. ತೋಟದಮನೆಯವರು ಕಲಿಯಬೇಕಾದ್ದು ಆ ಮೊದಲರ್ಧವನ್ನ. ಅವರ ಡಿಸೈನ್‌ವೇರ್ ವಾಚ್‌ಡಾಗ್ ಕೂಡ ಹಾಗೇ. ಎನೇಬಲ್ ಬಿಟ್ ಒಮ್ಮೆ 1 ಆದರೆ ಸಾಫ್ಟ್‌ವೇರ್‌ನಿಂದ 0 ಮಾಡೋಕೆ ಬರೋದಿಲ್ಲ, ರೀಸೆಟ್ ಒಂದೇ ದಾರಿ. ಅದಕ್ಕೇ ನೋಡ್‌ನಲ್ಲಿ ರೀಸೆಟ್ಸ್ ಅಂತ ಐಚ್ಛಿಕ ಪ್ರಾಪರ್ಟಿ ಇರೋದು. ‘ಒಮ್ಮೆ ಶುರುವಾದ ಎಣಿಕೆ ನಿಲ್ಲಬೇಕಾದರೆ ಈ ರೀಸೆಟ್ ಲೈನ್ ಎಳೆಯಬೇಕು’ ಅಂತ ಬರೆದರೆ ಅದು ಶುದ್ಧ ಹಾರ್ಡ್‌ವೇರ್ ಮಾತು. ಯಾರೂ ತಕರಾರು ಮಾಡೋದಿಲ್ಲ.

ತೋಟದಮನೆ
ಅಯ್ಯೋ, ನಮ್ಮ ನೋಡ್‌ನಲ್ಲಿ ರೀಸೆಟ್ಸ್ ಇಲ್ಲವೇ ಇಲ್ಲ. ಚಿಪ್ ಕಂಪನಿಯ ಕಡತದಿಂದ ಬಂದದ್ದು ಹಾಗೇ ಇದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡುವಾಗ ವಾಚ್‌ಡಾಗ್ ಕಡತಕ್ಕೆ ‘ವಿ’ ಅಕ್ಷರ ಬರೆದು ಮುಚ್ಚುತ್ತೇವೆ, ನಿಂತಿತು ಅಂದುಕೊಂಡು. ಹಾಗಾದರೆ ಅದು ನಿಲ್ಲುತ್ತಲೇ ಇರಲಿಲ್ಲವಾ? ಅಪ್‌ಡೇಟ್ ಮಧ್ಯೆ ರೀಸೆಟ್ ಆಗಬೇಕಿತ್ತಲ್ಲ, ಆಗಿಲ್ಲ.

ಭಟ್ರಮಗಳು
ನಿಂತಿರಲಿಲ್ಲ, ಆದರೆ ಕಚ್ಚೋದೂ ಇಲ್ಲ. ರೀಸೆಟ್ಸ್ ಇಲ್ಲ ಅಂದರೆ ಡ್ರೈವರ್ ‘ಹಾರ್ಡ್‌ವೇರ್ ಇನ್ನೂ ಓಡುತ್ತಿದೆ’ ಅನ್ನೋ ಗುರುತು ಹಾಕಿ ಸುಮ್ಮನಾಗುತ್ತದೆ. ಆಮೇಲೆ ವಾಚ್‌ಡಾಗ್ ಕೋರ್ ತಾನೇ ಕರ್ನಲ್ ಒಳಗಿಂದ ಪಿಂಗ್ ಮಾಡುತ್ತಾ (ಬದುಕಿದ್ದೇನೆ ಅಂತ ವಾಚ್‌ಡಾಗ್‌ಗೆ ತಿಳಿಸುತ್ತಾ) ಇರುತ್ತದೆ. ಕರ್ನಲ್ ಬದುಕಿರೋ ತನಕ ನಿಮ್ಮ ಅಪ್‌ಡೇಟ್ ಕ್ಷೇಮ. ಕರ್ನಲ್ ಸತ್ತರೆ ರೀಸೆಟ್. ನಿಜ ಹೇಳಬೇಕು ಅಂದರೆ ತೋಟದೊಳಗಿನ ಪೆಟ್ಟಿಗೆಗೆ ಇದೇ ಒಳ್ಳೇದು.

ಸುಮ್ನೆಓದುಗ
ಒಂದು ದಡ್ಡ ಪ್ರಶ್ನೆ. ಈ ಮೆಟ್ಟಿಲು ಎಂತಕ್ಕೆ? ಬೇಕಾದ ಸೆಕೆಂಡ್ ತುಂಬೋ ಹಾಗೆ ಮಾಡಬಹುದಿತ್ತಲ್ಲ ಚಿಪ್ ಮಾಡೋರು.

ಹಳೇಬಂದರು
ನಮ್ಮ ಅಜ್ಜಿ ಭತ್ತ ಅಳೆಯುವಾಗ ಸಿದ್ದೆ ಇಲ್ಲ ಕೊಳಗ, ಮಧ್ಯದ್ದು ಅಂದಾಜು. ಅಳತೆ ಪಾತ್ರೆ ಕಡಿಮೆ ಇದ್ದಷ್ಟು ತಪ್ಪು ಕಡಿಮೆ. ಹಾಗೇ ಇರಬೇಕು.

ಕಾಳಿದಂಡೆ
ಬಂದರಿನವರು ಹತ್ತಿರ ಬಂದಿದ್ದಾರೆ. ಮೆಟ್ಟಿಲು ಆರಿಸೋಕೆ ನಾಲ್ಕು ಬಿಟ್ ಸಾಕು, ರಿಜಿಸ್ಟರ್ ಚಿಕ್ಕದು, ಸರ್ಕ್ಯೂಟ್ ಚಿಕ್ಕದು. ಎಲ್ಲ ಚಿಪ್ಪೂ ಹಾಗಿಲ್ಲ. ಐ.ಎಂಎಕ್ಸ್‌ನ ವಾಚ್‌ಡಾಗ್‌ನಲ್ಲಿ 8 ಬಿಟ್ ಇದೆ, ಅರ್ಧ ಅರ್ಧ ಸೆಕೆಂಡಿಗೆ ಹೆಜ್ಜೆ, ಅರ್ಧ ಸೆಕೆಂಡಿನಿಂದ 128ರ ತನಕ. ಅಲ್ಲಿ 30 ಅಂದರೆ 30ಏ. ರಾಸ್ಪ್‌ಬೆರಿ ಪೈನಲ್ಲಿ 20 ಬಿಟ್ ಎಣಿಕೆ, ಸೆಕೆಂಡಿಗೆ 65536 ಟಿಕ್, ಹಾಗಾಗಿ 16 ಸೆಕೆಂಡ್ ಮುಟ್ಟೋ ಮೊದಲೇ ಗಡಿ. ಅಲ್ಲಿ 30 ಸೆಕೆಂಡ್ ಹಾರ್ಡ್‌ವೇರ್‌ನಲ್ಲಿ ಹಿಡಿಸೋದೇ ಇಲ್ಲ.

ಬೇಲೇಕೇರಿ_ಬೈಟ್
ಇದೇ ಕಾರಣಕ್ಕೆ ಟೈಮ್‌ಔಟ್-ಸೆಕ್‌ನ ವಿವರಣೆ ಎಲ್ಲಿ ತಿದ್ದಬೇಕು ಅನ್ನೋದು ತಲೆನೋವು. ಆ ಪ್ರಾಪರ್ಟಿ ಇರೋದು ವಾಚ್‌ಡಾಗ್ ಯಾಮಲ್ ಅನ್ನೋ ಸಾಮಾನ್ಯ ಕಡತದಲ್ಲಿ, ಎಲ್ಲ ವಾಚ್‌ಡಾಗ್‌ಗಳೂ ಅದನ್ನೇ ರೆಫರ್ ಮಾಡುತ್ತವೆ. ಅಲ್ಲಿ ಮೆಟ್ಟಿಲಿನ ಕಥೆ ಬರೆದರೆ ಐ.ಎಂಎಕ್ಸ್‌ಗೆ ಸುಳ್ಳು. ಬರೆಯದಿದ್ದರೆ ಡಿಸೈನ್‌ವೇರ್‌ನೋರಿಗೆ ಗೊತ್ತಾಗೋದಿಲ್ಲ.

ನನ್ನ ಪ್ರಕಾರ ಸಾಮಾನ್ಯ ಕಡತಕ್ಕೆ ಕೈ ಹಾಕಬೇಡಿ. ಡಿಸೈನ್‌ವೇರ್‌ನ ಕಡತದಲ್ಲಿ ಬರೆಯಿರಿ.

ಕುಮಟಾ_ಕಂಪೈಲ್
ಅಲ್ಲೂ ಸೆಕೆಂಡಿನಲ್ಲಿ ಬರೆಯಿರಿ ಮತ್ತೆ. 11, 22, 44, 89 ಅಂತ ಒಂದು ಪಟ್ಟಿ ಇಟ್ಟರೆ ಯಾರಿಗಾದರೂ ಉಪಯೋಗ.

ಭಟ್ರಮಗಳು
ಬರೋದಿಲ್ಲ. ಅದೇ ಬ್ಲಾಕಿಗೆ ಬೇರೆ ಕಂಪನಿ 32768 ಹರ್ಟ್ಸ್ ಕ್ಲಾಕ್ ಕೊಟ್ಟಿದ್ದರೆ ಮೊದಲ ಮೆಟ್ಟಿಲೇ 2 ಸೆಕೆಂಡ್, ಆಮೇಲೆ 4, 8, 16, 32. ಅಲ್ಲಿ 30 ಕೇಳಿದರೆ 32. ಟಿಕ್ ಲೆಕ್ಕದಲ್ಲೇ ಬರೆಯಬೇಕು. ಅದೂ ಅಲ್ಲದೆ ಚಿಪ್ ಕಂಪನಿ ಬೇಕಾದರೆ ಮೆಟ್ಟಿಲನ್ನೇ ಬದಲಿಸಬಹುದು, ಅದಕ್ಕೆ ವಾಚ್‌ಡಾಗ್-ಟಾಪ್ಸ್ ಅನ್ನೋ ಪ್ರಾಪರ್ಟಿ ಇದೆ. ಹದಿನಾರು ಸಂಖ್ಯೆ ಕೊಡೋದು.

ಹಳೇಬಂದರು
1997ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ಪಾಥ್‌ಫೈಂಡರ್ ಕೂಡ ಪದೇ ಪದೇ ರೀಸೆಟ್ ಆಗಿತ್ತಂತಲ್ಲ, ಅದು ಇದೇ ಸಮಸ್ಯೆಯಾ?

ಕಾಳಿದಂಡೆ
ಅಲ್ಲ ಸರ್. ಅಲ್ಲಿ ವಾಚ್‌ಡಾಗ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದುಕೊಂಡು ಜಾಸ್ತಿ ಆದ್ಯತೆಯದನ್ನ ಕಾಯಿಸಿತ್ತು, ಆ ಕೆಲಸ ಸಮಯಕ್ಕೆ ಮುಗಿಯಲಿಲ್ಲ ಅಂತ ರೀಸೆಟ್. ಭೂಮಿಯಿಂದಲೇ ಒಂದು ಸೆಟ್ಟಿಂಗ್ ಬದಲಿಸಿ ಸರಿ ಮಾಡಿದರು. ದೇವಿಮನೆ ಘಟ್ಟದಲ್ಲಿ ಮರ ಬಿದ್ದಾಗ ಶಿರಸಿಯ ಪೆಟ್ಟಿಗೆಗೆ ಹೋಗೋದಕ್ಕಿಂತ ಅದೇ ಸಲೀಸು.

ಬೇಲೇಕೇರಿ_ಬೈಟ್
😂😂 ನಿನ್ನೆ ಅಲ್ಲೇ ಬಸ್ಸಲ್ಲಿ ಕೂತಿದ್ದೆ.

ತೋಟದಮನೆ
ಸರಿ, ಒಂದು ಕರಡು ಮಾಡಿದೆ. ಕಳಿಸೋದು ಇಂಗ್ಲಿಷಿನಲ್ಲೇ, ಇಲ್ಲಿ ಸಾರ ಮಾತ್ರ ಹಾಕುತ್ತೇನೆ.

ಕಡತದ ಮೇಲಿನ ವಿವರಣೆಗೆ: ‘ಎಣಿಕೆ ರೆಫರೆನ್ಸ್ ಕ್ಲಾಕಿನ ಪ್ರತಿ ಟಿಕ್‌ಗೆ ಒಂದು ಇಳಿಯುತ್ತದೆ. ಶುರುವಿನ ಸಂಖ್ಯೆ ಹದಿನಾರು ನಿಗದಿತ ಬೆಲೆಗಳಲ್ಲಿ ಒಂದು ಮಾತ್ರ ಆಗಬಹುದು. ಹಾಗಾಗಿ ಸಿಗುವ ಅವಧಿಗಳು ಕ್ಲಾಕಿನ ವೇಗದ ಮೇಲೆ ನಿಂತಿವೆ, ಟೈಮ್‌ಔಟ್-ಸೆಕ್‌ನಲ್ಲಿ ಕೇಳಿದ ಅವಧಿ ಅವುಗಳಲ್ಲಿ ಇಲ್ಲದೇ ಇರಬಹುದು.’

ರೀಸೆಟ್ಸ್‌ಗೆ: ‘ಒಮ್ಮೆ ಶುರುವಾದ ವಾಚ್‌ಡಾಗನ್ನು ನಿಲ್ಲಿಸೋಕೆ ಇರುವುದು ಈ ರೀಸೆಟ್ ಮಾತ್ರ.’

ಡ್ರೈವರ್ ಅನ್ನೋ ಪದ ಎಲ್ಲೂ ಇಲ್ಲ, ನೋಡಿ ಹೇಳಿ.

ಕಾಳಿದಂಡೆ
ಒಳ್ಳೇದಿದೆ. ‘ಕೇಳಿದ ಅವಧಿ’ ಅನ್ನೋದನ್ನ ಸ್ವಲ್ಪ ನೋಡು, ಯಾರು ಕೇಳಿದ್ದು ಅಂತ ಪ್ರಶ್ನೆ ಬರುತ್ತದೆ. ‘ಕೊಟ್ಟ ಅವಧಿ’ ಅಂದರೆ ಸಾಕು.

ಕುಮಟಾ_ಕಂಪೈಲ್
ಹಾಗಾದರೆ 44 ಯಾಕೆ ಬಂತು ಅನ್ನೋದು ಇದರಲ್ಲಿ ಎಲ್ಲಿದೆ? ಮೇಲಿನದಕ್ಕೆ ಏರುತ್ತದೋ ಕೆಳಗಿನದಕ್ಕೆ ಇಳಿಯುತ್ತದೋ ಓದಿದವನಿಗೆ ಗೊತ್ತಾಗೋದೇ ಇಲ್ಲ. ಇಷ್ಟೆಲ್ಲ ಮಾಡಿ ಅಸಲು ಪ್ರಶ್ನೆ ಹಾಗೇ ಉಳೀತು.

ಭಟ್ರಮಗಳು
ಅದಕ್ಕೆ ಬೇರೆ ಜಾಗ ಇದೆ. ಕರ್ನಲ್‌ನ ವಾಚ್‌ಡಾಗ್ ಎಪಿಐ ದಾಖಲೆ ಓದಿ. ಟೈಮ್‌ಔಟ್ ಹಾಕೋ ಐಯೋಕಂಟ್ರೋಲ್ (ಪ್ರೋಗ್ರಾಂ ಡ್ರೈವರ್‌ಗೆ ಆದೇಶ ಕೊಡೋ ದಾರಿ) ಕರೆದರೆ ಡ್ರೈವರ್ ನಿಜವಾಗಿ ಹಾಕಿದ ಸಂಖ್ಯೆಯನ್ನ ಅದೇ ವೇರಿಯಬಲ್‌ನಲ್ಲಿ ವಾಪಸ್ ಕೊಡುತ್ತದೆ ಅಂತ ಸ್ಪಷ್ಟವಾಗಿದೆ. ಉದಾಹರಣೆ ಕೂಡ ಇದೆ: ನಿಮಿಷದ ಲೆಕ್ಕದಲ್ಲಿ ಮಾತ್ರ ಓಡೋ ಹಾರ್ಡ್‌ವೇರ್ ಆದರೆ ನೀವು 45 ಕೊಟ್ಟರೂ 60 ಅಂತ ಬರಬಹುದು. ಅಲ್ಲಿ ಡಿವೈಸ್ ಟ್ರೀಯಿಂದ ಬಂದ ಟೈಮ್‌ಔಟಿಗೂ ಇದು ಅನ್ವಯ ಅಂತ ಒಂದು ಸಾಲು ಸೇರಿಸೋದು ಬೇರೆ ಪ್ಯಾಚ್. ಅದನ್ನ ನೀವೇ ಕಳಿಸಿ ಕುಮಟಾದವರೇ, ಇಷ್ಟು ವಾದ ಮಾಡಿದ್ದೀರಿ.

ಕುಮಟಾ_ಕಂಪೈಲ್
ಕಳಿಸುತ್ತೇನೆ ಬಿಡಿ. ಆದರೆ ಬೋರ್ಡ್ ಮಾಡೋನು ಓದೋದು ಬೈಂಡಿಂಗ್, ಎಪಿಐ ದಾಖಲೆ ಅಲ್ಲ. ಅದನ್ನ ಮಾತ್ರ ಬಿಟ್ಟುಕೊಡೋದಿಲ್ಲ.

ಬೇಲೇಕೇರಿ_ಬೈಟ್
ಕಳಿಸೋ ಮುಂಚೆ ಡಿಟಿ-ಸ್ಕೀಮಾ (ಬೈಂಡಿಂಗ್ ಸರಿ ಇದೆಯಾ ಅಂತ ನೋಡೋ ಸಾಧನ) ಪಿಪ್‌ನಲ್ಲಿ ಹಾಕಿಕೊಂಡು ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಓಡಿಸಿ. ವಿವರಣೆಯಲ್ಲಿ ಕೋಲನ್ ಬಂದರೆ ಯಾಮಲ್ ಮುನಿಸಿಕೊಳ್ಳುತ್ತದೆ, ಹಾಗಾಗಿ ಉದ್ದ ವಿವರಣೆಗೆ ಪೈಪ್ ಗುರುತು ಹಾಕಿ ಮುಂದಿನ ಸಾಲಿನಿಂದ ಬರೆಯಿರಿ. ಮತ್ತೆ ನಿಮ್ಮ ಬೋರ್ಡಿನ ನೋಡ್‌ಗೆ ರೀಸೆಟ್ಸ್ ಸೇರಿಸೋದನ್ನ ಇದೇ ಪ್ಯಾಚಿನಲ್ಲಿ ತುರುಕಬೇಡಿ. ಬೈಂಡಿಂಗ್ ಬೇರೆ ಪ್ಯಾಚ್, ಡಿಟಿಎಸ್ (ಬೋರ್ಡಿನ ಡಿವೈಸ್ ಟ್ರೀ ಕಡತ) ಬೇರೆ ಪ್ಯಾಚ್.

ಕಾಳಿದಂಡೆ
ವಿಷಯ ಸಾಲು ‘ಡಿಟಿ-ಬೈಂಡಿಂಗ್ಸ್: ವಾಚ್‌ಡಾಗ್:’ ಅಂತಲೇ ಶುರುವಾಗಬೇಕು. ಯಾರಿಗೆ ಕಳಿಸಬೇಕು ಅಂತ ಊಹೆ ಮಾಡಬೇಡ, ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಓಡಿಸು, ಅದು ಕೊಟ್ಟ ಎಲ್ಲರಿಗೂ ಹಾಕು. ಎಚ್‌ಟಿಎಂಎಲ್ ಮೇಲ್ ಬೇಡ. ಕಮಿಟ್ ಸಂದೇಶದಲ್ಲಿ (ಪ್ಯಾಚಿನ ಜೊತೆ ಹೋಗೋ ವಿವರಣೆ) ಏನು ಬದಲಿಸಿದೆ ಅನ್ನೋದಕ್ಕಿಂತ ಯಾಕೆ ಅನ್ನೋದು ಜಾಸ್ತಿ ಇರಲಿ. ಹೊರಗಿನ ಮೈಕ್ರೋಕಂಟ್ರೋಲರ್ ಮೊದಲು ಪವರ್ ಕಡಿದು ಲಾಗ್ ಹೋಗಿದ್ದು ಬರಿ, ಅದು ಗಟ್ಟಿ ಕಾರಣ.

ತೋಟದಮನೆ
ಆಯ್ತು. ಅಂದಹಾಗೆ 20 ಹಾಕಿ ನೋಡಿದೆ, 22ಕ್ಕೆ ಸರಿಯಾಗಿ ರೀಸೆಟ್ ಆಯ್ತು, ರ‍್ಯಾಮ್‌ಊಪ್ಸ್‌ನಲ್ಲಿ ಲಾಗ್ ಬಂತು. ಮೋಡೆಮ್‌ನ ಯುಎಸ್‌ಬಿ ಡಿಸ್ಕನೆಕ್ಟ್ ಆದ ತಕ್ಷಣವೇ ಎಲ್ಲ ನಿಂತಿದೆ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.

ಸುಮ್ನೆಓದುಗ
ಯುಎಸ್‌ಬಿ ಆದರೆ ಮೊದಲು ಪವರ್ ನೋಡಿ. 4ಜಿ ಮೋಡೆಮ್ ಟವರ್ ಹುಡುಕುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ಸೋಲಾರ್ ಬ್ಯಾಟರಿ ಮೋಡ ಇದ್ದಾಗ ಮೊದಲೇ ಸುಸ್ತು.

ಭಟ್ರಮಗಳು
ಇದು ದಡ್ಡ ಪ್ರಶ್ನೆ ಕೇಳಿದವರ ಮಾತಲ್ಲ 🙂 ತೋಟದಮನೆ, ಎರಡನೇ ಆವೃತ್ತಿ ಕಳಿಸೋ ಹಾಗಾದರೆ ಏನು ಬದಲಾಯಿತು ಅನ್ನೋ ಪಟ್ಟಿಯನ್ನ ಮೂರು ಅಡ್ಡಗೆರೆಯ ಕೆಳಗೆ ಹಾಕಿ, ಕಮಿಟ್ ಸಂದೇಶದೊಳಗೆ ಬೇಡ.